ತ್ರಿಯೇಕ ದೇವರ ಬಗ್ಗೆ ಕಲಬುರಗಿ, ಕಮಲಾಪುರದ ಯೌವನಸ್ಥರಿಗೊಂದು ಬಹಿರಂಗ ಪತ್ರ

ಕಲಬುರಗಿ ನಗರದ ಮತ್ತು ಕಮಲಾಪುರ ಸೀಮೆಯ ಸಭೆಗಳ ಪ್ರಿಯ ಯೌವನಸ್ಥರೇ,



"ಕಾಕಾ, ದೇವರು ಒಬ್ಬನೇ ಅಂತೀವಿ. ಮತ್ತ ತಂದೆ, ಮಗ, ಪವಿತ್ರಾತ್ಮ ಅಂತ ಮೂವರ ಹೆಸರು ಹೇಳ್ತೀವಿ. ಇದು ಹ್ಯಾಂಗ ಕೂಡ್ತದ್ರಿ?" ಯೌವನಸ್ಥರ ಕೂಟ ಮುಗಿದು ಚಹಾ ಕುಡಿಯುವ ಹೊತ್ತಿಗೆ ನಿಮ್ಮಲ್ಲಿ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಎತ್ತುತ್ತೀರಿ. ನಗರದಲ್ಲಿ ಕಾಲೇಜಿಗೆ ಹೋಗುವವರೂ ಕೇಳುತ್ತೀರಿ, ಕಮಲಾಪುರದ ಕಡೆಯ ಮನೆಕೂಟಗಳಿಗೆ ಬರುವವರೂ ಕೇಳುತ್ತೀರಿ. ಬಹಳ ಸಲ ಹಿರಿಯರು "ಅದು ಮರ್ಮ, ಅದರ ಬಗ್ಗೆ ಕೇಳಬಾರದು" ಎಂದು ಹೇಳಿ ಎದ್ದುಬಿಡುತ್ತಾರೆ. ಅದು ನಿಮಗೆ ಮಾಡುವ ಅನ್ಯಾಯ. ಮರ್ಮ ಎನ್ನುವುದು ನಿಜ, ಆದರೆ ಕೇಳಬಾರದು ಎನ್ನುವುದು ಸುಳ್ಳು. ಕೇಳಿದವರಿಗೆ ಉತ್ತರ ಕೊಡುವುದು ಸಭೆಯ ಕೆಲಸ. ಆ ಕೆಲಸದಲ್ಲಿ ನನ್ನ ಪಾಲು ಎಂದು ಈ ಪತ್ರವನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಗೊತ್ತು. ನಮ್ಮ ಊರೇ ಅಂಥದ್ದು. ಒಬ್ಬನೇ ದೇವರು ಎಂಬ ಮಾತು ಕಲಬುರಗಿಯ ಗಾಳಿಯಲ್ಲೇ ಇದೆ. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಕಟ್ಟಿದರು, ಅದಾದ ಮೇಲೆ ಬಂದ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲೇ ಮಣ್ಣಾದರು. ಅವರ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಯವರೂ ಹೋಗುತ್ತಾರೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೊರಟರೆ ಬಸವಕಲ್ಯಾಣ ದೂರವಿಲ್ಲ. ಹಲವು ದೈವಗಳನ್ನು ಬಿಟ್ಟು ಒಬ್ಬನನ್ನೇ ಹಿಡಿಯಿರಿ ಎಂದು 12ನೇ ಶತಮಾನದಲ್ಲಿ ಶರಣರು ಸಾರಿದ್ದು ಆ ನೆಲದಲ್ಲಿ. ಹೀಗಾಗಿ ನಿಮ್ಮ ಮುಸ್ಲಿಂ ಗೆಳೆಯ "ದೇವರಿಗೆ ಮಗ ಇರ್ತಾನೇನು?" ಎಂದು ಕೇಳುತ್ತಾನೆ. ಲಿಂಗಾಯತ ಗೆಳತಿ "ಹಾಗಾದರೆ ನಿಮ್ಮದೂ ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದಂಗ ಬಿಡು" ಎನ್ನುತ್ತಾಳೆ. ಇದರ ಮೇಲೆ ಮೊಬೈಲಿನಲ್ಲಿ ಬರುವ ಪ್ರಸಂಗಗಳು ಬೇರೆ. ತ್ರಿಯೇಕ ಎನ್ನುವುದು ರೋಮ್ ಚಕ್ರವರ್ತಿ ಕಟ್ಟಿದ ಕಥೆ, ಬೈಬಲ್‌ನಲ್ಲಿ ಆ ಪದವೇ ಇಲ್ಲ, ನಿಮ್ಮ ದೀಕ್ಷಾಸ್ನಾನ ನಡೆಯುವುದಿಲ್ಲ, ಯೇಸುವಿನ ಹೆಸರಿನಲ್ಲಿ ಮಾತ್ರ ಮತ್ತೊಮ್ಮೆ ತೆಗೆದುಕೊಳ್ಳಿ ಎಂದು ಅವು ಹೇಳುತ್ತವೆ. ಇದನ್ನು ಕೇಳಿ ನಿಮ್ಮಲ್ಲಿ ಕೆಲವರು ಗಲಿಬಿಲಿಗೊಂಡಿದ್ದೀರಿ, ಕೆಲವು ಮನೆಗಳಲ್ಲಿ ತಾಯಿ ಮಕ್ಕಳ ನಡುವೆ ಮಾತು ನಿಂತಿದೆ. ನನಗೆ ನೋವಾಗಿರುವುದು ಇದಕ್ಕೆ.

ಉತ್ತರ ಹುಡುಕುವಾಗ ಲೆಕ್ಕದಿಂದ ಶುರು ಮಾಡಬೇಡಿ, ನಿಮ್ಮ ಮನೆಯ ಪ್ರಾರ್ಥನೆಯಿಂದ ಶುರು ಮಾಡಿ. ರಾತ್ರಿ ಊಟಕ್ಕೆ ಮುಂಚೆ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮೊಣಕಾಲೂರುತ್ತಾಳೆ. ಪರಲೋಕದ ತಂದೆಯನ್ನು ಕರೆಯುತ್ತಾಳೆ. ಮಗಳ ಪರೀಕ್ಷೆ, ಬೆಂಗಳೂರಿಗೆ ದುಡಿಯಲು ಹೋದ ಮಗ, ತೊಗರಿಗೆ ಬಂದ ನೆಟೆ ರೋಗ, ಪಕ್ಕದ ಮನೆಯವರ ಜ್ವರ, ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಮಾತು ಸಿಗದೆ ಬರೀ ಕಣ್ಣೀರು ಬಂದಾಗ ಪವಿತ್ರಾತ್ಮನ ಸಹಾಯ ಬೇಡುತ್ತಾಳೆ. ಕಡೆಗೆ ಯೇಸುವಿನ ಹೆಸರಿನಲ್ಲಿ ಆಮೆನ್ ಹೇಳುತ್ತಾಳೆ. ಎಷ್ಟು ದೇವರಿಗೆ ಪ್ರಾರ್ಥನೆ ಮಾಡಿದಿ ಅವ್ವಾ ಎಂದು ಕೇಳಿ ನೋಡಿ. ಒಬ್ಬನಿಗೇ ಎನ್ನುತ್ತಾಳೆ, ಆ ಪ್ರಶ್ನೆಯೇ ಅವಳಿಗೆ ವಿಚಿತ್ರ ಅನ್ನಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲನು ಹೇಳುವುದೂ ಇದನ್ನೇ. ನಾವು ದೇವರನ್ನು 'ಅಬ್ಬಾ' ಎಂದು ಕೂಗುವುದು, ನಮ್ಮ ಉರ್ದು ಮಾತಾಡುವ ನೆರೆಮನೆಯ ಮಕ್ಕಳು ತಂದೆಯನ್ನು ಕರೆಯುವ ಹಾಗೆಯೇ ಕೂಗುವುದು, ಪವಿತ್ರಾತ್ಮನಿಂದ. ನಮಗೆ ಮಾತು ಬಾರದಾಗ ನಮ್ಮೊಳಗಿದ್ದು ಬೇಡುವವನು ಆ ಆತ್ಮ. ತಂದೆಯ ಬಲಗಡೆಯಲ್ಲಿದ್ದು ನಮಗಾಗಿ ಬೇಡುವವನು ಕ್ರಿಸ್ತ.

ನಾನು ಹೇಳಬೇಕೆಂದಿರುವುದು ಇಷ್ಟೇ: ಪ್ರಾರ್ಥನೆ ಮೊದಲು ಬಂತು, ಸಿದ್ಧಾಂತ ಆಮೇಲೆ ಬಂತು. ತ್ರಿಯೇಕದ ಬೋಧನೆಯನ್ನು ಪಂಡಿತರು ಕುಳಿತು ಕಲ್ಪಿಸಿ ಜನರ ಮೇಲೆ ಹೇರಲಿಲ್ಲ. ಜನ ಆಗಲೇ ಹಾಗೆ ಪ್ರಾರ್ಥಿಸುತ್ತಿದ್ದರು, ಹಾಗೆ ಹಾಡುತ್ತಿದ್ದರು, ಹಾಗೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅದನ್ನು ಕೆಡದಂತೆ ಕಾಯುವುದಕ್ಕೆ ಪಂಡಿತರು ಬೇಲಿ ಹಾಕಿದರು.

ಇದಕ್ಕೆ ಒಂದು ಸಾಕ್ಷಿ ಸಭೆಯ ಹೊರಗಿನಿಂದಲೇ ಇದೆ. ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಎಂಬ ರೋಮನ್ ಅಧಿಕಾರಿ ಬಿಥಿನಿಯ ಪ್ರಾಂತ್ಯದ ರಾಜ್ಯಪಾಲನಾಗಿದ್ದ. ಇಂದಿನ ಟರ್ಕಿಯ ಉತ್ತರ ಭಾಗ ಅದು. ಕ್ರೈಸ್ತರನ್ನು ಏನು ಮಾಡಬೇಕು ಎಂದು ತಿಳಿಯದೆ ಅವನು ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದ. ಆ ಪತ್ರ ಇವತ್ತಿಗೂ ಉಳಿದಿದೆ. ಇವರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡಿ ಸ್ತುತಿಸುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲವೆಂದು ಪ್ರಮಾಣ ಮಾಡುತ್ತಾರೆ ಎಂದು ಅವನು ವರದಿ ಕೊಡುತ್ತಾನೆ. ನಿಜ ತಿಳಿಯಲೆಂದು ಇಬ್ಬರು ದಾಸಿಯರನ್ನು ಹಿಡಿದು ಚಿತ್ರಹಿಂಸೆ ಕೊಡಿಸಿದೆ, ಸಭೆಯಲ್ಲಿ ಅವರನ್ನು ಸೇವಕಿಯರೆಂದು ಕರೆಯುತ್ತಿದ್ದರು ಎಂದೂ ಬರೆಯುತ್ತಾನೆ. ಅವರ ಹೆಸರನ್ನು ಅವನು ಬರೆದಿಲ್ಲ. ದಾಸಿಯರ ಹೆಸರು ಯಾರಿಗೆ ಬೇಕಿತ್ತು?

ಆ ಇಬ್ಬರು ಹೆಣ್ಣುಮಕ್ಕಳನ್ನು ನೆನಪಿಟ್ಟುಕೊಳ್ಳಿ. ಅವರ ಸಭೆ ನಂಬಿದ್ದು ಯೆಹೂದ್ಯರ ಒಬ್ಬನೇ ದೇವರನ್ನು. ಕರ್ತನು ಒಬ್ಬನೇ ದೇವರು ಎಂದು ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಹೇಳುವುದನ್ನು ಆ ಸಭೆಗಳು ಬಿಟ್ಟಿರಲಿಲ್ಲ. ಚಕ್ರವರ್ತಿಯ ಮೂರ್ತಿಗೆ ಒಂದು ಚಿಟಿಕೆ ಧೂಪ ಹಾಕಿದರೆ ಜೀವ ಉಳಿಯುತ್ತಿತ್ತು, ಹಾಕದೆ ಸತ್ತವರು ಆ ಸಭೆಗಳಲ್ಲಿದ್ದರು. ಆದರೆ ಅದೇ ಜನ ಯೇಸುವಿಗೆ ಹಾಡಿದರು. ಸೃಷ್ಟಿಯಾದ ಯಾವುದನ್ನೂ ಪೂಜಿಸೆವು ಎಂದು ಪ್ರಾಣ ಕೊಟ್ಟವರು ಯೇಸುವನ್ನು ಆರಾಧಿಸಿದರು ಎಂದರೆ, ಆತನನ್ನು ಸೃಷ್ಟಿಯ ಸಾಲಿನಲ್ಲಿ ಅವರು ಕೂರಿಸಿರಲಿಲ್ಲ ಎಂದಷ್ಟೇ ಅರ್ಥ. ತ್ರಿಯೇಕದ ಬೇರು ಇಲ್ಲಿದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟಲು ಇನ್ನೂ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲವಿತ್ತು.

ಇನ್ನು ಆ ಚಕ್ರವರ್ತಿಯ ಮಾತು. 325ರಲ್ಲಿ ನೈಸಿಯ ಪಟ್ಟಣದಲ್ಲಿ ಬಿಷಪರ ಮಹಾಸಭೆಯನ್ನು ಅವನು ಕರೆದದ್ದು ನಿಜ. ನೈಸಿಯ ಇರುವುದು ಪ್ಲಿನಿ ಆಳಿದ ಅದೇ ಬಿಥಿನಿಯ ಸೀಮೆಯಲ್ಲಿ, ಈಗ ಅದರ ಹೆಸರು ಇಜ್ನಿಕ್. ಆ ಸಭೆಗೆ 2025ಕ್ಕೆ 1700 ವರ್ಷ ತುಂಬಿತು. ಜಗಳ ಎದ್ದದ್ದು ಅಲೆಕ್ಸಾಂಡ್ರಿಯದ ಆರಿಯಸ್ ಎಂಬ ಪಾದ್ರಿಯಿಂದ. ಮಗನು ಎಷ್ಟೇ ದೊಡ್ಡವನಾದರೂ ತಂದೆಯಿಂದ ಸೃಷ್ಟಿಯಾದವನು, ಅವನಿಲ್ಲದ ಕಾಲವೊಂದಿತ್ತು ಎಂಬುದು ಅವನ ಬೋಧನೆ. ಕೇಳಲು ಸರಳ, ಅದಕ್ಕೇ ಬೇಗ ಹರಡಿತು. ಜನ ಹಾಡಿಕೊಳ್ಳಲೆಂದು ಪದಗಳನ್ನೂ ಕಟ್ಟಿದ. ಮಗನು ತಂದೆಯ ಸಾರವೇ ಆದವನು, ಹುಟ್ಟಿಸಲ್ಪಟ್ಟವನೇ ಹೊರತು ಸೃಷ್ಟಿಯಾದವನಲ್ಲ ಎಂದು ಮಹಾಸಭೆ ತೀರ್ಮಾನ ಕೊಟ್ಟಿತು. ನೀವು ಕರ್ತನ ಭೋಜನದ ದಿನ ಹೇಳುವ ನೈಸಿಯ ವಿಶ್ವಾಸಪ್ರಮಾಣದ ಬುಡ ಅದು. ಪವಿತ್ರಾತ್ಮನ ಬಗ್ಗೆ ಈಗ ಅದರಲ್ಲಿರುವ ಮಾತುಗಳು ಕೂಡಿಕೊಂಡದ್ದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಿಂದ.

ಚಕ್ರವರ್ತಿ ಹೇಳಿದ, ಎಲ್ಲರೂ ಒಪ್ಪಿದರು, ಮುಗಿಯಿತು ಎನ್ನುವವರು 325ರ ನಂತರದ ಕಥೆಯನ್ನು ಓದಿಲ್ಲ. ಕಾನ್‌ಸ್ಟಂಟೈನ್ ಕೆಲವೇ ವರ್ಷಗಳಲ್ಲಿ ಆರಿಯಸ್ ಕಡೆಯವರತ್ತ ವಾಲಿದ. 337ರಲ್ಲಿ ಸಾಯುವ ಹೊತ್ತಿಗೆ ಅವನಿಗೆ ದೀಕ್ಷಾಸ್ನಾನ ಕೊಟ್ಟ ನಿಕೊಮೇದಿಯದ ಯೂಸೆಬಿಯಸ್ ಆರಿಯಸ್‌ನ ಬೆಂಬಲಿಗ. ಚಕ್ರವರ್ತಿಯ ಮಗ ಕಾನ್‌ಸ್ಟಾಂಟಿಯಸ್ ಬಹಿರಂಗವಾಗಿಯೇ ಆ ಪಕ್ಷ ಹಿಡಿದ. ನೈಸಿಯದ ನಂಬಿಕೆಗಾಗಿ ನಿಂತ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನನ್ನು ಐದು ಸಲ ಗಡಿಪಾರು ಮಾಡಿದರು. ಹದಿನೇಳು ವರ್ಷ ಅವನು ತನ್ನ ಸಭೆಯಿಂದ ದೂರ, ಮರುಭೂಮಿಯ ಸನ್ಯಾಸಿಗಳ ಗುಡಿಸಲುಗಳಲ್ಲಿ, ಪರಸ್ಥಳಗಳಲ್ಲಿ ಕಳೆದ. ಅರಮನೆ ಹುಟ್ಟಿಸಿದ ಸಿದ್ಧಾಂತವಾಗಿದ್ದರೆ ಅರಮನೆಯೇ ಅದನ್ನು ಇಷ್ಟು ಕಾಲ ಅಟ್ಟಾಡಿಸುತ್ತಿರಲಿಲ್ಲ. ಅದೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬೀದಿಯಲ್ಲಿ ರೊಟ್ಟಿಯ ಬೆಲೆ ಕೇಳಿದರೂ ಅಂಗಡಿಯವನು ತಂದೆ ದೊಡ್ಡವನು, ಮಗ ಚಿಕ್ಕವನು ಎಂದು ವಾದಕ್ಕೆ ನಿಲ್ಲುತ್ತಿದ್ದ ಎಂದು ಬಿಷಪ್ ನಿಸ್ಸದ ಗ್ರೆಗರಿ ಬರೆದಿಟ್ಟಿದ್ದಾನೆ. ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳುತ್ತ ನೀವು ಇದೇ ವಾದ ಮಾಡುತ್ತಿದ್ದೀರಿ ಎಂದುಕೊಳ್ಳಿ. ಪ್ರಶ್ನೆ ಸಾಮಾನ್ಯರದ್ದೂ ಆಗಿತ್ತು, ಈಗಲೂ ಆಗಿದೆ.

ನಮ್ಮ ಸಂಡೇ ಸ್ಕೂಲುಗಳಲ್ಲಿ ಈ ಪ್ರಶ್ನೆಗೆ ಕೊಡುವ ಸುಲಭದ ಉತ್ತರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರು, ಮಂಜುಗಡ್ಡೆ, ಆವಿ ಎಂದು ಹೇಳಿಕೊಡುತ್ತಾರೆ. ಒಬ್ಬನೇ ಮನುಷ್ಯ ಹೆಂಡತಿಗೆ ಗಂಡ, ಮಕ್ಕಳಿಗೆ ಅಪ್ಪ, ತಾಯಿಗೆ ಮಗ ಎಂದೂ ಹೇಳಿಕೊಡುತ್ತಾರೆ. ಕಮಲಾಪುರದ ಕಡೆ ಇನ್ನೊಂದನ್ನು ಕಂಡಿದ್ದೇನೆ. ಭೌಗೋಳಿಕ ಗುರುತು ಪಡೆದ ನಮ್ಮ ಕೆಂಪು ಬಾಳೆ ಗೊತ್ತಲ್ಲ, ಚೆನ್ನಾಗಿ ಹಣ್ಣಾದದ್ದನ್ನು ಸುಲಿದು ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಿರುಳು ಉದ್ದಕ್ಕೆ ಮೂರು ಸೀಳಾಗಿ ಬಿಚ್ಚಿಕೊಳ್ಳುತ್ತದೆ. ಹಣ್ಣು ಒಂದೇ, ಸೀಳು ಮೂರು. ಮಕ್ಕಳ ಕಣ್ಣು ಅರಳುತ್ತದೆ. ಟೀಚರಮ್ಮನ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮಕ್ಕಳು ದೊಡ್ಡವರಾದ ಮೇಲೆ ಈ ಬಾಳೆಹಣ್ಣು ಅವರನ್ನು ಕೈಬಿಡುತ್ತದೆ. ಒಂದು ಸೀಳು ಇಡೀ ಹಣ್ಣಲ್ಲ, ಮೂರರಲ್ಲಿ ಒಂದು ಪಾಲು. ಯೇಸು ದೇವರ ಮೂರನೇ ಒಂದು ಪಾಲಲ್ಲ. ತಂದೆ ಪೂರ್ಣ ದೇವರು, ಮಗ ಪೂರ್ಣ ದೇವರು, ಪವಿತ್ರಾತ್ಮ ಪೂರ್ಣ ದೇವರು, ಆದರೂ ದೇವರು ಒಬ್ಬನೇ ಎಂಬುದು ಸಭೆಯ ನಂಬಿಕೆ. ನೀರಿನ ಉದಾಹರಣೆಯಲ್ಲಿ ದೋಷ ಇನ್ನೊಂದು ಕಡೆಗಿದೆ. ಒಬ್ಬನೇ ಮೂರು ವೇಷ ಹಾಕುತ್ತಾನೆ ಎಂದು ಅದು ಕಲಿಸುತ್ತದೆ. 3ನೇ ಶತಮಾನದ ಆರಂಭದಲ್ಲಿ ಸಬೆಲಿಯಸ್ ಕಲಿಸಿದ್ದು ಇದನ್ನೇ, ಸಭೆ ಅದನ್ನು ತಿರಸ್ಕರಿಸಿತು. ಕಾರಣ ಸುವಾರ್ತೆಯಲ್ಲಿಯೇ ಇದೆ. ಯೊರ್ದನ್ ಹೊಳೆಯಲ್ಲಿ ಮಗನು ನೀರಿನಲ್ಲಿದ್ದಾನೆ, ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಧ್ವನಿ ಆಕಾಶದಿಂದ ಕೇಳುತ್ತದೆ. ಗೆತ್ಸೆಮನೆಯಲ್ಲಿ ಯೇಸು ರಕ್ತದಂಥ ಬೆವರು ಸುರಿಸುತ್ತ ತಂದೆಯ ಹತ್ತಿರ ಬೇಡಿದ. ಒಬ್ಬನೇ ವೇಷ ಬದಲಿಸುತ್ತಿದ್ದರೆ ಆ ರಾತ್ರಿ ಆತ ಮಾತಾಡಿದ್ದು ಯಾರ ಜೊತೆಗೆ? ಆ ಪ್ರಾರ್ಥನೆ ನಟನೆಯಾಗಿಬಿಡುತ್ತದೆ. ಅದನ್ನು ಮಾತ್ರ ನಾನು ಒಪ್ಪಲಾರೆ.

ಇಲ್ಲಿಂದ ನೇರವಾಗಿ ದೀಕ್ಷಾಸ್ನಾನದ ಗಲಾಟೆಗೆ ಬರುತ್ತೇನೆ. 'ಯೇಸುವಿನ ಹೆಸರಿನಲ್ಲಿ ಮಾತ್ರ' ಎನ್ನುವ ಬೋಧನೆ ಅಪೊಸ್ತಲರ ಕಾಲದಿಂದ ಮುಚ್ಚಿಹೋಗಿದ್ದ ಸತ್ಯವೆಂದು ನಿಮಗೆ ಹೇಳುತ್ತಾರೆ. ಇಂದಿನ ರೂಪದಲ್ಲಿ ಅದು ಹುಟ್ಟಿದ್ದು ಅಮೆರಿಕದ ಪೆಂತೆಕೊಸ್ತ್ ಸಭೆಗಳಲ್ಲಿ, 1913ರಲ್ಲಿ ಲಾಸ್ ಏಂಜಲೀಸ್ ಹತ್ತಿರ ನಡೆದ ಒಂದು ಕೂಟದ ನಂತರ. ಮರುವರ್ಷ ಕೆಲವು ಬೋಧಕರು ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆ ತ್ರಿಯೇಕವೇ ನಮ್ಮ ನಂಬಿಕೆ ಎಂದು ಸ್ಪಷ್ಟವಾಗಿ ಬರೆದಾಗ ಬಹಳ ಮಂದಿ ಸೇವಕರು ಹೊರನಡೆದರು. ಅಂದರೆ ಪೆಂತೆಕೊಸ್ತ್ ಸಭೆಗಳಲ್ಲಿಯೂ ದೊಡ್ಡ ಪಾಲು ತ್ರಿಯೇಕವನ್ನೇ ನಂಬುತ್ತದೆ. ಇದು ಮೆಥೋಡಿಸ್ಟ್, ಕ್ಯಾಥೊಲಿಕ್, ಪೆಂತೆಕೊಸ್ತ್ ಎಂಬ ಪಂಗಡಗಳ ಜಗಳವಲ್ಲ.

ಅವರು ತೋರಿಸುವ ವಚನ ಅಪೊಸ್ತಲರ ಕೃತ್ಯಗಳು 2:38. ಪೇತ್ರನು ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳಲು ಹೇಳಿದ್ದು ಅಲ್ಲಿದೆ. ನಾವು ತೋರಿಸುವುದು ಮತ್ತಾಯ 28:19. ಸ್ವತಃ ಯೇಸು ಮೂರು ಹೆಸರು ಹೇಳಿ ಕಳುಹಿಸಿದ್ದು ಅಲ್ಲಿದೆ. ಎರಡಕ್ಕೂ ವಿರೋಧವಿದೆಯೇ? ಇದಕ್ಕೆ ಉತ್ತರ ಕೊಡುವ ಒಂದು ಹಳೆಯ ಪುಸ್ತಕವಿದೆ, ಹೆಸರು ದಿದಾಖೆ. ಹೊಸ ಒಡಂಬಡಿಕೆಗೆ ಬಹಳ ಹತ್ತಿರದ ಕಾಲದ್ದು. ನೂರಾರು ವರ್ಷ ಕಣ್ಮರೆಯಾಗಿದ್ದ ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಹರಿಯುವ ನೀರಿನಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿ, ನೀರು ಸಾಲದಿದ್ದರೆ ಆ ಮೂರು ಹೆಸರುಗಳಲ್ಲಿ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದು ಅದರ 7ನೇ ಅಧ್ಯಾಯ ವಿವರವಾಗಿ ಹೇಳುತ್ತದೆ. ಮುಂದೆ 9ನೇ ಅಧ್ಯಾಯದಲ್ಲಿ ಅದೇ ಜನರನ್ನು ಕರ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಆದವರು ಎಂದು ಕರೆಯುತ್ತದೆ. ಎರಡು ಮಾತು, ಸ್ನಾನ ಒಂದೇ. ಒಂದು ಮಾತು ನೀರಿನ ಬಳಿ ಏನು ಹೇಳಬೇಕು ಎಂದು ತಿಳಿಸುತ್ತದೆ, ಇನ್ನೊಂದು ನಾವು ಯಾರ ಜನ ಎಂದು ತಿಳಿಸುತ್ತದೆ. ನೀವು ಎಳೆಗೂಸಾಗಿದ್ದಾಗ ಪಾಸ್ಟರ್ ನಿಮ್ಮನ್ನು ಎತ್ತಿಕೊಂಡು ನೀರು ಹಾಕಿ ಹೇಳಿದ ಮೂರು ಹೆಸರು ಸುಳ್ಳಲ್ಲ. ಅದನ್ನು ಮತ್ತೊಮ್ಮೆ ಮಾಡಿಸಿಕೊಳ್ಳುವ ಅಗತ್ಯವೇನೂ ಇಲ್ಲ.

ನಮ್ಮ ಕಡೆಯ ವಾದದಲ್ಲೂ ಪ್ರಾಮಾಣಿಕತೆ ಬೇಕು. 1 ಯೋಹಾನ 5:7ರಲ್ಲಿ ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು ಎಂಬ ಸಾಲನ್ನು ಕೆಲವರು ಎತ್ತಿ ತೋರಿಸುತ್ತೀರಿ. ದಯವಿಟ್ಟು ಬೇಡ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಸಾಲು ಇಲ್ಲ. ಎರಾಸ್ಮಸ್ ಎಂಬ ವಿದ್ವಾಂಸ ತನ್ನ ಗ್ರೀಕ್ ಹೊಸ ಒಡಂಬಡಿಕೆಯ 1516ರ ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, ಒತ್ತಾಯ ಬಂದ ಮೇಲೆ 1522ರಲ್ಲಿ ಸೇರಿಸಿದ. ನಿಸ್ಸದ ಗ್ರೆಗರಿಯಾಗಲಿ ಅಥನೇಸಿಯಸ್ ಆಗಲಿ ಆ ಸಾಲನ್ನು ಊರಿಕೊಂಡು ನಿಂತವರಲ್ಲ, ನಮಗೂ ಅದು ಬೇಕಿಲ್ಲ. ಹಾಗೆಯೇ ಕಷ್ಟದ ವಚನಗಳನ್ನು ಬಚ್ಚಿಡಬೇಡಿ. ತಂದೆ ತನಗಿಂತ ದೊಡ್ಡವನು ಎಂದು ಯೇಸು ಯೋಹಾನ 14ರಲ್ಲಿ ಹೇಳುತ್ತಾನೆ. ಆ ದಿನ ಆ ಗಳಿಗೆ ಮಗನಿಗೂ ತಿಳಿಯದು ಎಂದು ಮಾರ್ಕ 13ರಲ್ಲಿ ಹೇಳುತ್ತಾನೆ. ಇವನ್ನು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದ ಪಕ್ಕದಲ್ಲಿಟ್ಟು ಓದಿ. ದೇವರಿಗೆ ಸಮಾನನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ಧರಿಸಿ ಇಳಿದು ಬಂದ ಎಂದು ಅಲ್ಲಿದೆ. ಇಳಿದು ಬಂದವನ ಬಾಯಿಂದ ಬಂದ ಮಾತುಗಳು ಅವು.

ಈಗ ನಿಮ್ಮ ಗೆಳೆಯರ ಪ್ರಶ್ನೆಗಳು. ಮುಸ್ಲಿಂ ಗೆಳೆಯನ ಜೊತೆ ಮಾತಾಡುವಾಗ ಮೊದಲು ಅವನು ತಿರಸ್ಕರಿಸುವುದು ಯಾವುದನ್ನು ಎಂದು ಕೇಳಿ ತಿಳಿದುಕೊಳ್ಳಿ. ದೇವರು ಮನುಷ್ಯರಂತೆ ಹೆಂಡತಿಯಿಂದ ಮಗುವನ್ನು ಪಡೆದ ಎಂಬುದನ್ನಾದರೆ, ಅದನ್ನು ನಾವೂ ಅಷ್ಟೇ ಬಲವಾಗಿ ತಿರಸ್ಕರಿಸುತ್ತೇವೆ. ತಂದೆ, ಯೇಸು, ಮರಿಯಮ್ಮ ಮೂವರು ದೇವರು ಎಂಬುದನ್ನಾದರೆ, ಯಾವ ಸಭೆಯ ವಿಶ್ವಾಸಪ್ರಮಾಣದಲ್ಲೂ ಅದು ಇಲ್ಲ. ಅಲ್ಲಿಗೆ ಅರ್ಧ ಜಗಳ ಕರಗುತ್ತದೆ. ಉಳಿದರ್ಧ ನಿಜವಾದ ಭಿನ್ನಾಭಿಪ್ರಾಯ, ಅದನ್ನು ಗೌರವದಿಂದ ಉಳಿಸಿಕೊಳ್ಳಿ. ಒಂದು ವಿಷಯ ಮಾತ್ರ ಅವನಿಗೂ ಹತ್ತಿರದ್ದು. ದೇವರ ವಾಕ್ಯ ಸೃಷ್ಟಿಯಾದದ್ದೋ ಅನಾದಿಯೋ ಎಂಬ ವಾದ ಇಸ್ಲಾಮಿನಲ್ಲೂ ಎದ್ದಿತ್ತು. 833ರಲ್ಲಿ ಖಲೀಫ ಮಾಮೂನ್ ಕುರ್‌ಆನ್ ಸೃಷ್ಟಿಯಾದದ್ದು ಎಂದು ಒಪ್ಪಿಸಲು ವಿದ್ವಾಂಸರ ವಿಚಾರಣೆ ಶುರು ಮಾಡಿಸಿದ. ಒಪ್ಪದ ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಸೆರೆಮನೆ ಕಂಡರು, ಚಾವಟಿಯೇಟು ತಿಂದರು. ದೇವರ ಮಾತು ಅನಾದಿ, ಆದರೂ ಅದು ಎರಡನೇ ದೇವರಲ್ಲ ಎಂಬ ನಿಲುವೇ ಸುನ್ನಿ ಪಂಥದಲ್ಲಿ ಗೆದ್ದಿತು. ಇದು ತ್ರಿಯೇಕವಲ್ಲ, ತ್ರಿಯೇಕವೇ ಎಂದು ಹೇಳಿ ಅವನನ್ನು ಸಿಕ್ಕಿಸಲು ಹೋಗಬೇಡಿ. ಒಬ್ಬನೇ ದೇವರಲ್ಲಿ ಅನಾದಿಯಾದ ವಾಕ್ಯವಿದೆ ಎಂಬ ಯೋಹಾನನ ಸುವಾರ್ತೆಯ ಮೊದಲ ಮಾತು ಅವನಿಗೆ ಹುಚ್ಚು ಮಾತಾಗಿ ಕೇಳಿಸಬೇಕಿಲ್ಲ ಎಂದಷ್ಟೇ ನನ್ನ ಮಾತು.

ತ್ರಿಮೂರ್ತಿಗಳ ಹೋಲಿಕೆಗೆ ಉತ್ತರ ಚಿಕ್ಕದು. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ನಮ್ಮ ನಂಬಿಕೆಯಲ್ಲಿ ಹಂಚಿಕೆ ಇಲ್ಲ. ಸೃಷ್ಟಿಯಲ್ಲಿ ತಂದೆಯ ಜೊತೆ ವಾಕ್ಯವೂ ಇದ್ದ, ನೀರಿನ ಮೇಲೆ ಆತ್ಮನೂ ಇದ್ದ. ಬಿಡುಗಡೆಯ ಕೆಲಸದಲ್ಲೂ ಮೂವರೂ ಇದ್ದಾರೆ. ಅಂದಹಾಗೆ, ಈ ಆಕ್ಷೇಪ ಭಾರತದಲ್ಲಿ ಹೊಸದಲ್ಲ. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧನೆಗಳನ್ನು ಮಾತ್ರ ಆರಿಸಿ ಪುಸ್ತಕ ಮಾಡಿದಾಗ ಸೆರಾಂಪುರದ ಮಿಷನರಿ ಜೋಶುವ ಮಾರ್ಷ್‌ಮನ್‌ರಿಗೂ ಅವರಿಗೂ ತ್ರಿಯೇಕದ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ವಿಲಿಯಂ ಆಡಮ್ ಎಂಬ ಮಿಷನರಿ 1821ರಲ್ಲಿ ರಾಯರ ಪಕ್ಷಕ್ಕೇ ಹೋದ. ರಾಯರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆದರೆ ಬೋಧನೆಯನ್ನು ಬೋಧಿಸಿದವನಿಂದ ಬಿಡಿಸಿಟ್ಟರೆ ಸುವಾರ್ತೆ ಉಳಿಯುವುದಿಲ್ಲ. ಶತ್ರುವನ್ನು ಪ್ರೀತಿಸು ಎಂದವನು ಶಿಲುಬೆಯ ಮೇಲೆ ಹಾಗೆ ಮಾಡಿ ತೋರಿಸಿದ, ಅದು ದೇವರೇ ಮಾಡಿದ್ದು ಎಂಬುದರಲ್ಲಿ ನಮ್ಮ ಬಿಡುಗಡೆ ಇದೆ.

ಇದೆಲ್ಲ ತಿಳಿದು ನಮಗೇನು ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ನಮ್ಮಲ್ಲಿ ಬಹಳ ಮಂದಿಯ ಅಜ್ಜ, ಮುತ್ತಜ್ಜಂದಿರು ಊರ ಹೊರಗಿನ ಕೇರಿಯವರು. ಮೇಲಿನವನು, ಕೆಳಗಿನವನು ಎಂಬ ಏಣಿಯ ಕೊನೆಯ ಮೆಟ್ಟಿಲು ಅವರದಾಗಿತ್ತು. ಲೋಕವೆಲ್ಲ ಏಣಿಯಾಗಿರುವಾಗ ದೇವರಲ್ಲೂ ಏಣಿ ಇದೆ ಎಂದರು ಆರಿಯಸ್ ಕಡೆಯವರು: ಮೇಲೆ ತಂದೆ, ಕೆಳಗೆ ಮಗ, ಇನ್ನೂ ಕೆಳಗೆ ಆತ್ಮ. ಇಲ್ಲ, ದೇವರಲ್ಲಿ ಮೇಲು ಕೀಳಿಲ್ಲ, ಸಮಾನರ ಪ್ರೀತಿ ಇದೆ ಎಂದಿತು ಸಭೆ. ಇದನ್ನು ಬರೆದವರ ಕೈಗಳು ಏನು ಮಾಡಿದವು ನೋಡಿ. ಪವಿತ್ರಾತ್ಮನ ಬಗ್ಗೆ ಗ್ರಂಥ ಬರೆದ ಬಸಿಲಿಯಸ್ ಕೈಸರೈಯ ಪಟ್ಟಣದ ಹೊರಗೆ ಬಡವರಿಗೆ, ರೋಗಿಗಳಿಗೆ, ಕುಷ್ಠರೋಗಿಗಳಿಗೆ ಆಸರೆಯ ಮನೆಗಳನ್ನೇ ಕಟ್ಟಿದ. ಅವನ ತಮ್ಮ ನಿಸ್ಸದ ಗ್ರೆಗರಿ ದಾಸರನ್ನು ಕೊಳ್ಳುವವರ ವಿರುದ್ಧ ಪ್ರಸಂಗ ಮಾಡಿದ. ದೇವರ ಸ್ವರೂಪದಲ್ಲಿ ಹುಟ್ಟಿದ ಮನುಷ್ಯನಿಗೆ ಬೆಲೆ ಕಟ್ಟಲು ನೀನು ಯಾರು ಎಂಬುದು ಅದರ ತಿರುಳು. ಇಡೀ ರೋಮ್ ಸಾಮ್ರಾಜ್ಯ ದಾಸರ ಬೆನ್ನ ಮೇಲೆ ನಿಂತಿದ್ದ 4ನೇ ಶತಮಾನದ ಮಾತಿದು. ಪ್ಲಿನಿ ಹಿಂಸಿಸಿದ ಆ ಇಬ್ಬರು ದಾಸಿಯರ ಸಭೆಯೇ ಇದನ್ನು ಹೇಳಿತು. ನಮ್ಮ ಸಭೆಗಳ ಒಳಗೇ ಯಾರಾದರೂ ಈ ಜಾತಿಯವರು ಆ ಜಾತಿಯವರು ಎಂದು ಕುರ್ಚಿ ಬೇರೆ ಮಾಡಿದರೆ, ಬಾಯಲ್ಲಿ ತ್ರಿಯೇಕ ಹೇಳಿ ನಡೆಯಲ್ಲಿ ಆರಿಯಸ್‌ನನ್ನು ಹಿಂಬಾಲಿಸಿದಂತೆ.

ಕೊನೆಗೆ, ಒಪ್ಪಿಕೊಳ್ಳುವುದು ಎಂದರೇನು? ಬೀದರ, ಕಲಬುರಗಿ, ಯಾದಗಿರಿ ಭಾಗದಲ್ಲಿ ನಿಜಾಮರ ಕಾಲದಿಂದ ಬೇರೂರಿದ್ದು ಮೆಥೋಡಿಸ್ಟ್ ಸಭೆ. ಆ ಸಭೆಯ ಮೂಲಪುರುಷ ಜಾನ್ ವೆಸ್ಲಿ 1775ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ತ್ರಿಯೇಕದ ಮೇಲೆಯೇ ಒಂದು ಪ್ರಸಂಗ ಮಾಡಿದ. ದೇವರು ಮೂವರಾಗಿ ಒಬ್ಬನು ಎಂಬ ಸತ್ಯವನ್ನು ನಂಬುತ್ತೇನೆ, ಅದು ಹೇಗೆ ಎಂಬುದು ನನ್ನ ನಂಬಿಕೆಯ ಭಾಗವಲ್ಲ, ಅದನ್ನು ದೇವರು ತಿಳಿಸಿಯೂ ಇಲ್ಲ ಎಂದು ಅವನು ಬಿಡಿಸಿ ಹೇಳಿದ. ತ್ರಿಯೇಕ ಎಂಬ ಪದವನ್ನೇ ಬಳಸಬೇಕೆಂದು ಯಾರನ್ನೂ ಒತ್ತಾಯಿಸಲಾರೆ ಎಂದೂ ಹೇಳಿದ. 1553ರಲ್ಲಿ ಜಿನೀವಾದಲ್ಲಿ ಈ ಬೋಧನೆಯನ್ನು ಒಪ್ಪದ ಮಿಗೆಲ್ ಸೆರ್ವೆಟಸ್‌ನನ್ನು ಜೀವಂತ ಸುಟ್ಟದ್ದನ್ನು ನೆನೆದು, ಅದು ತನ್ನಿಂದಾಗದ ಕೆಲಸ ಎಂದ. ನಾನು ನಿಮಗೆ ಕೊಡುವ ಬುದ್ಧಿಮಾತೂ ಅದೇ ದಾರಿಯದು. ಪೂರ್ತಿ ಅರ್ಥವಾದ ಮೇಲೆ ನಂಬುತ್ತೇನೆ ಎಂದು ಕಾಯಬೇಡಿ, ಏಕೆಂದರೆ ನಮ್ಮ ತಲೆಯಲ್ಲಿ ಪೂರ್ತಿ ಹಿಡಿಸುವ ದೇವರು ನಮ್ಮಷ್ಟೇ ಚಿಕ್ಕವನಾಗಿರುತ್ತಾನೆ. ಆದರೆ ಅರ್ಥ ಮಾಡಿಕೊಳ್ಳುವ ಪ್ರಯತ್ನವನ್ನೂ ಬಿಡಬೇಡಿ. ಸಂಶಯವಿರುವ ತಮ್ಮ, ತಂಗಿಯರನ್ನು ಕೂಟದಿಂದ ಹೊರಗೆ ಹಾಕಬೇಡಿ. ಹಿರಿಯರಿಗೂ ಇದನ್ನೇ ಕೇಳಿಕೊಳ್ಳುತ್ತೇನೆ.

ಪ್ರತಿ ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರ್ ಕೈಯೆತ್ತಿ ಕರ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ ನಿಮ್ಮೊಂದಿಗಿರಲೆಂದು ಆಶೀರ್ವದಿಸುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರವನ್ನು ಮುಗಿಸಿದ ಮಾತದು, ನೈಸಿಯಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದಿನದು. ನಿಮ್ಮಲ್ಲಿ ಕೆಲವರು ಆ ಹೊತ್ತಿಗೆ ಚಪ್ಪಲಿ ಹುಡುಕಲು ಹೊರಗೆ ಹೋಗಿರುತ್ತೀರಿ. ಈ ಭಾನುವಾರ ನಿಂತು ಕೇಳಿ.

ಪಂಚಾಶತ್ತಮ ದಿನದ ಮುಂದಿನ ಭಾನುವಾರವನ್ನು ತ್ರಿಯೇಕ ಭಾನುವಾರವೆಂದು ಆಚರಿಸುವುದು ಪಶ್ಚಿಮದ ಸಭೆಗಳ ಹಳೆಯ ಪದ್ಧತಿ, 1334ರಿಂದ ಅದು ಎಲ್ಲೆಡೆ ನಡೆದಿದೆ. ಆ ದಿನ ಕಲಬುರಗಿಯ ಮತ್ತು ಕಮಲಾಪುರ ಸೀಮೆಯ ಯೌವನಸ್ಥರೆಲ್ಲ ಒಂದು ಕಡೆ ಸೇರೋಣ. ಪಂಗಡದ ಭೇದ ಬೇಡ. ಮತ್ತಾಯ 28, ಯೋಹಾನ 14ರಿಂದ 17, ರೋಮಾಪುರದವರಿಗೆ 8, ಇಷ್ಟನ್ನು ಓದಿಕೊಂಡು ಬನ್ನಿ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತನ್ನಿ, ಹೆಸರು ಬರೆಯಬೇಕಿಲ್ಲ. ಮತ್ತೊಂದು ದೀಕ್ಷಾಸ್ನಾನಕ್ಕೆ ಮನಸ್ಸು ಮಾಡಿರುವವರಿದ್ದರೆ, ಆ ದಿನದವರೆಗೆ ತಡೆದುಕೊಳ್ಳಿ, ಅಷ್ಟರಲ್ಲಿ ಒಮ್ಮೆ ಅವ್ವನ ಜೊತೆ ಕುಳಿತು ಮಾತಾಡಿ.

ಕರ್ತನಲ್ಲಿ ನಿಮ್ಮ ಹಿರಿಯ ಸಹೋದರ,
ಕಲಬುರಗಿ